ಆ 3.1 ಸಿಗ್ಮಾ ಎಲ್ಲಿ ಹೋಯಿತು?

ಭೌತಶಾಸ್ತ್ರದ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "2021ರಲ್ಲಿ ಹೊಸ ಬಲ ಸಿಕ್ಕಿರಬಹುದು ಅಂತ ಸುದ್ದಿ ಬಂದಿತ್ತಲ್ವಾ, ಅದೇನಾಯ್ತು?"

ಮೊದಲು ವಿಷಯ ಹೇಳಿಬಿಡುತ್ತೇನೆ. ಎಲೆಕ್ಟ್ರಾನಿಗೆ ಇಬ್ಬರು ಅಣ್ಣಂದಿರು. ಮ್ಯೂಆನ್ ಅದಕ್ಕಿಂತ 207 ಪಟ್ಟು ಭಾರ, ಟೌ ಸುಮಾರು 3,500 ಪಟ್ಟು. ತೂಕ ಬಿಟ್ಟರೆ ಬಲಗಳ ಕಣ್ಣಿಗೆ ಮೂವರೂ ಒಂದೇ ಎನ್ನುತ್ತದೆ ಸ್ಟ್ಯಾಂಡರ್ಡ್ ಮಾಡೆಲ್, ಅಂದರೆ ಕಣಗಳ ಮತ್ತು ಬಲಗಳ ಬಗ್ಗೆ ಈಗಿರುವ ಸಿದ್ಧಾಂತ. ಇದು ನಿಜವಾ ಅಂತ ನೋಡಲು ಎಣಿಸಬೇಕು, ಅಷ್ಟೇ. ಬಿ ಮೆಸಾನ್ ಎಂಬ ಕಣ ಒಡೆದಾಗ ಕೇಯಾನ್ ಎಂಬ ಇನ್ನೊಂದು ಕಣದ ಜೊತೆ ಎರಡು ಮ್ಯೂಆನ್ ಬಂದದ್ದೆಷ್ಟು ಸಲ, ಎರಡು ಎಲೆಕ್ಟ್ರಾನ್ ಬಂದದ್ದೆಷ್ಟು ಸಲ? ಭಾಗಿಸಿದರೆ 1 ಸಿಗಬೇಕು. ಸಿಗದಿದ್ದರೆ ನಮಗೆ ಗೊತ್ತಿಲ್ಲದ ಬಲವೊಂದು ಅವುಗಳ ನಡುವೆ ಭೇದ ಮಾಡುತ್ತಿರಬಹುದು. ಜಿನೀವಾ ಬಳಿಯ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ಎಲ್‌ಎಚ್‌ಸಿಬಿ ತಂಡಕ್ಕೆ ಸಿಕ್ಕಿದ್ದು 0.846. ಆಕಸ್ಮಿಕವಾಗಿ ಹೀಗಾಗುವ ಸಾಧ್ಯತೆ ಸಾವಿರದಲ್ಲಿ ಒಂದು. ಅದೇ ಆ 3.1 ಸಿಗ್ಮಾ; ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ. ಹೊಸದು ಸಿಕ್ಕಿತು ಎನ್ನಲು 5 ಬೇಕು.

ಎಣಿಸುವುದು ಅಂದರೆ ಸುಲಭ ಅಂದುಕೊಳ್ಳಬೇಡಿ. ಇಂಥ ಘಟನೆ ನಡೆಯುವುದೇ ಸುಮಾರು 20 ಲಕ್ಷ ಬಿ ಮೆಸಾನ್‌ಗಳಲ್ಲಿ ಒಮ್ಮೆ. ಮ್ಯೂಆನ್ ಆದರೋ ದಪ್ಪ ಕಬ್ಬಿಣವನ್ನೂ ತೂರಿಕೊಂಡು ಹೋಗುತ್ತದೆ, ಗುರುತು ಸಿಗುತ್ತದೆ. ಎಲೆಕ್ಟ್ರಾನ್ ಹಾಗಲ್ಲ. ಉಪಕರಣದೊಳಗೆ ಹೋಗುತ್ತಾ ದಾರಿಯುದ್ದಕ್ಕೂ ಫೋಟಾನ್, ಅಂದರೆ ಬೆಳಕಿನ ಕಣ, ಚೆಲ್ಲುತ್ತದೆ. ಆ ಚೆಲ್ಲಿದ್ದನ್ನು ಆಯ್ದು ಮತ್ತೆ ಅದರ ಲೆಕ್ಕಕ್ಕೇ ಸೇರಿಸಬೇಕು. ಸಾಲದ್ದಕ್ಕೆ ಒಂದೊಂದು ಸಲ ಪಯಾನ್ ಎಂಬ ಬೇರೆ ಕಣ ಕೂಡ ಎಲೆಕ್ಟ್ರಾನ್ ಹಾಗೇ ಕಾಣುತ್ತದೆ.

ತಂಡ ಇದನ್ನೆಲ್ಲ ಬಲ್ಲದು. ಅಂಗಡಿಯವರು ಮೊದಲು ಖಾಲಿ ತಕ್ಕಡಿ ಎತ್ತಿ ತೋರಿಸುವ ಹಾಗೆ, ಜೆ/ಸೈ ಎಂಬ ಕಣದ ಮೇಲೆ ಲೆಕ್ಕ ಪರೀಕ್ಷಿಸಿದ್ದರು. ಅಲ್ಲಿ ಎರಡೂ ಸಮ ಬಂದಿತ್ತು. ಆದರೆ ಜೆ/ಸೈ ಘಟನೆಗಳು ನೂರು ಪಟ್ಟಿಗಿಂತ ಜಾಸ್ತಿ, ಅಲ್ಲಿ ಪಯಾನ್‌ನಂಥ ನಾಲ್ಕು ವೇಷಧಾರಿಗಳು ಸೇರಿಕೊಂಡರೂ ತಿಳಿಯುವುದಿಲ್ಲ. ಅಪರೂಪದ ಘಟನೆಯಲ್ಲಿ ಅವೇ ಭಾರ. ತಕ್ಕಡಿ ಸರಿಯಿತ್ತು, ಅಕ್ಕಿಯಲ್ಲಿ ಕಲ್ಲಿತ್ತು. ಎಲೆಕ್ಟ್ರಾನ್ ಲೆಕ್ಕ ಹೆಚ್ಚಾಗಿ ಅನುಪಾತ ಇಳಿದಿತ್ತು.

ಕಂಡುಹಿಡಿದವರು ಬೇರೆ ಯಾರೂ ಅಲ್ಲ, ಅದೇ ತಂಡ. 2022ರ ಡಿಸೆಂಬರ್‌ನಲ್ಲಿ ಹೊಸ ಲೆಕ್ಕ ಮುಂದಿಟ್ಟರು: 0.949, ತಪ್ಪಿನ ಅಂಚು 5% ಹತ್ತಿರ. ಅಂದರೆ 1ಕ್ಕೆ ಹೊಂದುತ್ತದೆ. ಜಗತ್ತೇ ಸಂಭ್ರಮಿಸುತ್ತಿದ್ದಾಗ ತಮ್ಮದೇ ಅಕ್ಕಿಯನ್ನು ಮತ್ತೆ ಆರಿಸಲು ಕೂತರಲ್ಲ, ಅವರ ಮೇಲೆ ನನಗೆ ತುಂಬಾ ಗೌರವ.

ಹಾಗಂತ ಕತೆ ಮುಗಿದಿಲ್ಲ. ಬಿ ಮೆಸಾನ್ ಒಡೆದು ಟೌ ಬರುವ ಇನ್ನೊಂದು ಲೆಕ್ಕವಿದೆ. 2012ರಲ್ಲಿ ಅಮೆರಿಕದ ಬಾಬಾರ್ ಪ್ರಯೋಗ ತೋರಿಸಿದಾಗಿನಿಂದ ಅಲ್ಲಿ ಟೌ ಎಣಿಕೆ ಇರಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತಿದೆ. ಜಪಾನಿನ ತ್ಸುಕುಬಾದಲ್ಲಿ ಬೆಲ್ 2 ಪ್ರಯೋಗ ಅದನ್ನೀಗ ಎಣಿಸುತ್ತಿದೆ. ಮುಂದಿನ ಸಲ ಕೇಳುವವರು ಟೌ ಬಗ್ಗೆ ಕೇಳಿ.