85 ಡಿಗ್ರಿಯ ಹಳ್ಳ ಮತ್ತು ನೀರು ಕುಡಿದ ಜಾಯಿಂಟ್

ಕೊನೆಗೂ ಕಳ್ಳ ಸಿಕ್ಕ. ಹಳ್ಳದ ನೀರಿನ ಬಿಸಿ ಅಳೆಯೋಕೆ ನಾನು ಮಾಡಿದ ಪೆಟ್ಟಿಗೆಯಲ್ಲಿ ಆರು ವಾರ ನಿದ್ದೆ ಕೆಡಿಸಿದ್ದು ಕೋಡೂ ಅಲ್ಲ, ಬ್ಯಾಟರಿಯೂ ಅಲ್ಲ. ವೈರಿನ ಹೆಬ್ಬೆರಳುದ್ದದ ಒಂದು ಜಾಯಿಂಟು.

ಹಿಂದಿನ ಕಥೆ ಗೊತ್ತಿಲ್ಲದವರಿಗೆ: ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ವ್ಯಾಲಿ ಕ್ರೀಕ್ ಅನ್ನೋ ಹಳ್ಳದಲ್ಲಿ ಬ್ರೌನ್ ಟ್ರೌಟ್ ಮೀನುಗಳು ಯಾರೂ ತಂದು ಬಿಡದೆ ತಾವೇ ಮೊಟ್ಟೆಯಿಟ್ಟು ಬೆಳೆಯುತ್ತವೆ. ಸುಣ್ಣಕಲ್ಲಿನ ಒರತೆಗಳಿಂದ ನೀರು ತಣ್ಣಗಿದೆ, ಅದೇ ಅವುಗಳ ಪುಣ್ಯ. 20 ಡಿಗ್ರಿ ಸೆಲ್ಸಿಯಸ್ ದಾಟಿತೋ, ಅವುಗಳಿಗೆ ಕಷ್ಟ ಶುರು. ಆದರೆ ಸುತ್ತಲೂ ಮಾಲು, ಆಫೀಸು, ಪಾರ್ಕಿಂಗ್ ಜಾಗ. ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೆ ಬಿದ್ದ ಮಳೆ ಬೆಚ್ಚಗಾಗಿ ಹಳ್ಳಕ್ಕೇ ಇಳಿಯುತ್ತೆ. ನಮ್ಮ ಗುಂಪಿನವರು ದಡದಲ್ಲಿ ನೆರಳಿಗೆ ಗಿಡ ನೆಡುತ್ತಾರೆ. ನಾನು ‘ಆ ಬಿಸಿಯನ್ನ ಅಳೆದು ತೋರಿಸ್ತೀನಿ’ ಅಂತ ಬಾಯಿಬಿಟ್ಟು ಸಿಕ್ಕಿಹಾಕಿಕೊಂಡೆ. ಹಳ್ಳ ಹರಿಯೋ ವ್ಯಾಲಿ ಫೋರ್ಜ್ ಪಾರ್ಕಿನೊಳಗೆ ಪೆಟ್ಟಿಗೆ ಇಡೋಕೆ ಅನುಮತಿಯ ರಗಳೆ. ಹಾಗಾಗಿ ಮೇಲಿನ ದಂಡೆಯ ಒಬ್ಬ ಅಜ್ಜಿಯ ಹಿತ್ತಿಲೇ ಗತಿ.

ಗ್ರಾಫ್ ಚೆನ್ನಾಗೇ ಬರ್ತಿತ್ತು, ಅಲ್ಲಲ್ಲಿ ತೂತು ಬಿಟ್ಟರೆ. ಕಚ್ಚಾ ಫೈಲ್ ತೆಗೆದರೆ ಆ ತೂತಿನಲ್ಲೆಲ್ಲ 85, 85, 85. ಅಷ್ಟು ಬಿಸಿಯಾಗಿದ್ದರೆ ಹಳ್ಳದಲ್ಲಿ ಮೀನಲ್ಲ, ಮೀನು ಸಾರಿರಬೇಕಿತ್ತು. ಡಿಎಸ್18ಬಿ20 ಅನ್ನೋ ಈ ಉಷ್ಣತೆಯ ಸೆನ್ಸರ್ ಬಳಸಿದವರಿಗೆ ಗೊತ್ತು, ಅದು ಸೆನ್ಸರ್ ಆಗಷ್ಟೇ ಎದ್ದು ಕಣ್ಣುಜ್ಜಿಕೊಂಡಾಗ ಹೇಳುವ ನಂಬರ್. 40ರ ಮೇಲಿನದ್ದನ್ನೆಲ್ಲ ಎಸೆಯೋ ಹಾಗೆ ಕೋಡ್ ಬರೆದ ಜಾಣ ನಾನೇ, ಅದಕ್ಕೇ ಗ್ರಾಫಲ್ಲಿ ತೂತು. ಸೆನ್ಸರ್ ಅಳೆದು ಮುಗಿಸಲಿ ಅಂತ 750 ಮಿಲಿಸೆಕೆಂಡ್ ಕಾಯೋದನ್ನ ಎರಡು ಸೆಕೆಂಡ್ ಮಾಡಿದೆ, ಸೆನ್ಸರ್ ವೈರಿಗೆ ಹಾಕಿದ್ದ 4.7ಕೆ ರೆಸಿಸ್ಟರ್ ಬದಲಿಸಿದೆ, ಬ್ಯಾಟರಿಗೆ ಬೈದೆ. ಊಹೂಂ.

ಗ್ರಾಫ್ ನೋಡಿ ಹೆಂಡತಿ ಕೇಳಿದಳು: “ರೀ, ಇವೆಲ್ಲ ಮಳೆ ಬಂದ ದಿನಗಳಲ್ವಾ? ನಮ್ಮೂರಲ್ಲಿ ಕರೆಂಟ್ ಹೋಗೋ ಹಾಗೆ.”

ಕ್ಯಾಲೆಂಡರ್ ಹಿಡಿದು ತಾಳೆ ನೋಡಿದೆ. ಹೌದು! ಬೇಕಾದ ಹೊತ್ತಲ್ಲೇ ಕೈಕೊಡುತ್ತಿತ್ತು. ನೀರು ಏರಿದಾಗ ದಡದ ಜಾಯಿಂಟು ಮುಳುಗುತ್ತೆ. ಚಾಕುವಿನಲ್ಲಿ ಸೀಳಿದರೆ ಹೀಟ್‌ಶ್ರಿಂಕ್ (ಕಾಯಿಸಿದರೆ ಕುಗ್ಗಿ ವೈರಿಗೆ ಬಿಗಿಯೋ ಪ್ಲಾಸ್ಟಿಕ್ ಕೊಳವೆ) ಒಳಗೊಂದು ಹನಿ ನೀರು, ಕೆಂಪು ವೈರಿನ ತುದಿಯಲ್ಲಿ ಹಸಿರು ಕಿಲುಬು. ವೋಲ್ಟೇಜ್ ಕುಸಿದು ಸೆನ್ಸರ್ ಅರ್ಧದಲ್ಲೇ ರೀಸೆಟ್. ‘ವಾಟರ್‌ಪ್ರೂಫ್ ಕಿಟ್’ ಅಂತ ಮಾರಿದ ಮಹಾನುಭಾವ ಅಂಟಿಲ್ಲದ ಹೀಟ್‌ಶ್ರಿಂಕ್ ಕಳಿಸಿದ್ದ. ದೂರು ಕೊಟ್ಟರೆ ‘ನೀರಿನಿಂದ ದೂರವಿಡಿ’ ಅಂತ ಉತ್ತರ ಬಂತು!

ಈಗ ಜಾಯಿಂಟೇ ಇಲ್ಲದ ಒಂದೇ ಕೇಬಲ್, ಪೆಟ್ಟಿಗೆಯ ಬಾಯಿಗೆ ಒಳಗಡೆ ಅಂಟು ಇರೋ ಹೀಟ್‌ಶ್ರಿಂಕ್. ಪುಡಿ ಐಸಿನ ನೀರಲ್ಲಿ 0.2 ತೋರಿಸಿತು, ಸಾಕು. ಮಂಗಳವಾರ ಸಂಜೆ ಗುಡುಗು ಮಳೆ. ಒಂದೂ ತೂತಿಲ್ಲದೆ ಗೆರೆ 17.5ರಿಂದ 20.5ಕ್ಕೆ ಹತ್ತಿ ನಿಧಾನ ಇಳಿಯಿತು. ಗುಂಪಿನವರಿಗೆ ಕಳಿಸಿದ್ದೇನೆ, ಮುಂದಿನ ಗಿಡಗಳನ್ನ ಎಲ್ಲಿ ನೆಡೋದು ಅನ್ನೋ ಜಗಳ ಆಗಲೇ ಶುರುವಾಗಿದೆ.

ನನ್ನ ತಲೆಯಲ್ಲಿ ಮಾತ್ರ ಈಗ ಉಪ್ಪು. ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು ಹಳ್ಳಕ್ಕೇ ಬರೋದಲ್ವಾ? ಎರಡು ಸ್ಟೀಲ್ ಸ್ಕ್ರೂ, ಒಂದು ಪಿವಿಸಿ ಮುಚ್ಚಳ, ನೀರಲ್ಲಿ ಉಪ್ಪು ಹೆಚ್ಚಿದಷ್ಟೂ ಏರೋ ವಿದ್ಯುತ್ ವಾಹಕತೆ ಅಳೆಯೋ ಮೀಟರ್ ರೆಡಿ ಅಂದುಕೊಂಡಿದ್ದೇನೆ. ಡಿಸೆಂಬರಲ್ಲಿ ಊರಿಗೆ ಹೋದಾಗ ಶೃಂಗೇರಿಯ ತುಂಗೆಯಲ್ಲೂ, ಮಂಡಕ್ಕಿಗೆ ಮುಗಿಬೀಳೋ ಆ ದೇವರ ಮೀನುಗಳ ಹತ್ತಿರ, ಒಮ್ಮೆ ಥರ್ಮಾಮೀಟರ್ ಇಳಿಬಿಡೋ ಆಸೆ. ಜಾಯಿಂಟಿಲ್ಲದ ಕೇಬಲ್ ಇನ್ನೂ ಮೂರು ಮೀಟರ್ ಉಳಿದಿದೆ.