ದೆಹಲಿಗೊಂದು ನ್ಯಾಯ, ಬ್ರಸೆಲ್ಸ್‌ಗೊಂದು ನ್ಯಾಯವೇ?

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ನನಗಾಗಿ ಕಾದು ಕುಳಿತಿರುತ್ತದೆ. ಕಳೆದ ಸಲ ಅದು ಎದುರಾದದ್ದು ಬೆಳಗಾವಿಯ ಮದುವೆ ಮನೆಯೊಂದರ ಊಟದ ಪಂಕ್ತಿಯಲ್ಲಿ. ಎಲೆಗೆ ಎರಡನೆಯ ಹೋಳಿಗೆ ಬೀಳುವ ಹೊತ್ತಿಗೆ ಪಕ್ಕದಲ್ಲಿದ್ದ ಸೋದರಮಾವ ಶುರು ಮಾಡಿದರು: "ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ತೆರಿಗೆಯ ಪಾಲು ಸರಿಯಾಗಿ ಕೊಡುವುದಿಲ್ಲ, ಹಿಂದಿ ಹೇರುತ್ತಾರೆ, ಎಲ್ಲವೂ ದೆಹಲಿಯಲ್ಲೇ ತೀರ್ಮಾನವಾಗುತ್ತದೆ ಎಂದು ಇಲ್ಲಿಗೆ ಬಂದಾಗಲೆಲ್ಲ ಗೊಣಗುತ್ತೀಯ. ಅಲ್ಲಿ ಕುಳಿತು ನೋಡಿದರೆ, ಬ್ರಸೆಲ್ಸ್‌ಗೆ ಇನ್ನಷ್ಟು ಅಧಿಕಾರ ಕೊಡಿ, ಯುರೋಪ್ ಒಂದಾಗಲಿ ಎಂದು ಬರೆಯುತ್ತೀಯ. ದೆಹಲಿಗೊಂದು ನ್ಯಾಯ, ಬ್ರಸೆಲ್ಸ್‌ಗೊಂದು ನ್ಯಾಯವೇ?"

ಹೋಳಿಗೆ ಆರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ನಾನಿರುವ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಗೆಳೆಯರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಹೊರಗಿನಿಂದ ಬಂದ ನಿನಗೇಕೆ ಇಷ್ಟು ಉಮೇದು ಎನ್ನುತ್ತಾರೆ. ಎರಡಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಬ್ರಸೆಲ್ಸ್‌ನಲ್ಲಿ ಮುಖ್ಯ ಕಚೇರಿಯಿರುವ, ಯುರೋಪಿನ 27 ದೇಶಗಳ ಕೂಟವನ್ನು ನಮ್ಮ ಪತ್ರಿಕೆಗಳು 'ಐರೋಪ್ಯ ಒಕ್ಕೂಟ' ಎನ್ನುತ್ತವೆ. ಕನ್ನಡದಲ್ಲಿ ಒಕ್ಕೂಟ ಎಂದರೆ ದೇಶಗಳು ಕೈಜೋಡಿಸಿದ ಯೂನಿಯನ್ನೂ ಹೌದು, ತನ್ನದೇ ಅಧಿಕಾರವುಳ್ಳ ಕೇಂದ್ರವಿರುವ ಫೆಡರೇಷನ್ನೂ ಹೌದು. ಯುರೋಪಿನಲ್ಲಿ ಈ ಎರಡು ಪದಗಳ ನಡುವೆ ಎಪ್ಪತ್ತು ವರ್ಷಗಳ ಜಗಳವಿದೆ. 1991ರಲ್ಲಿ, ಈ ಒಕ್ಕೂಟವನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದದ ಕರಡಿನಲ್ಲಿದ್ದ 'ಫೆಡರಲ್' ಎಂಬ ಪದವನ್ನು ಬ್ರಿಟನ್ ಹಟ ಹಿಡಿದು ತೆಗೆಸಿತು. ಆ ಬ್ರಿಟನ್ 2020ರಲ್ಲಿ ಮನೆ ಬಿಟ್ಟೇ ಹೋಯಿತು, ಪದ ಮಾತ್ರ ವಾಪಸು ಬರಲಿಲ್ಲ. ಕನ್ನಡ ಪತ್ರಿಕೆಗಳು ಉದಾರವಾಗಿ ಮುಂಗಡ ಕೊಟ್ಟಿರುವ ಹೆಸರಿಗೆ ಯುರೋಪ್ ತಕ್ಕುದಾಗಲಿ ಎನ್ನುವುದೇ ನನ್ನ ವಾದದ ಸಾರ.

ಗಡಿ ಎಂದರೇನು ಎಂದು ಬೆಳಗಾವಿಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸಿಗೆ ಮಸಿ ಬಳಿದರಂತೆ, ಆಚೆಯ ಬಸ್ಸು ಈಚೆ ಬರುತ್ತಿಲ್ಲವಂತೆ ಎಂಬ ಸುದ್ದಿ ನಮಗೆ ಮಳೆಗಾಲದಷ್ಟೇ ಮಾಮೂಲು. ಮಹಾಜನ ಆಯೋಗದ ವರದಿ ಬಂದದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು 2004ರಲ್ಲಿ. ಮೊಕದ್ದಮೆ ಇನ್ನೂ ಮುಗಿದಿಲ್ಲ. ಆದರೆ ಗಮನಿಸಿ: ಇಷ್ಟೆಲ್ಲ ಸಿಟ್ಟಿನ ನಡುವೆಯೂ ನಿಪ್ಪಾಣಿಯ ಆಚೆ ಈಚೆ ಎರಡು ಸೈನ್ಯಗಳು ಎಂದೂ ಎದುರುಬದುರು ನಿಲ್ಲಲಿಲ್ಲ. ಜಗಳ ವಕೀಲರ ಕೈಯಲ್ಲಿ ಕೊಳೆಯುತ್ತಿದೆ. ಅದೂ ಒಂದು ಭಾಗ್ಯವೆಂದು ನನಗೆ ಅರಿವಾದದ್ದು ಸ್ಟ್ರಾಸ್‌ಬರ್ಗ್‌ಗೆ ಬಂದ ಮೇಲೆ.

ಇಲ್ಲಿ ರೈನ್ ನದಿಯ ಈ ದಡ ಫ್ರಾನ್ಸ್, ಆ ದಡದ ಕೇಲ್ ಪಟ್ಟಣ ಜರ್ಮನಿ. 2017ರಿಂದ 'ಡಿ' ಮಾರ್ಗದ ಟ್ರಾಮ್ ಸೇತುವೆ ದಾಟಿ ಕೇಲ್‌ಗೆ ಹೋಗುತ್ತದೆ. ನಾನು ಅದರಲ್ಲಿ ಕೇಲ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಜರ್ಮನಿಯ ರೈಲು ಹಿಡಿದು ಆಫನ್‌ಬುರ್ಗ್‌ನ ಕೆಲಸಕ್ಕೆ ಹೋಗುತ್ತೇನೆ. ನಿಪ್ಪಾಣಿಯಿಂದ ಕಾಗಲ್‌ಗೆ ಹೋದಷ್ಟೇ ಸಲೀಸು. ಆದರೆ 1871ರಿಂದ 1945ರೊಳಗೆ ಈ ಊರು ಫ್ರಾನ್ಸಿನಿಂದ ಜರ್ಮನಿಗೆ, ಜರ್ಮನಿಯಿಂದ ಫ್ರಾನ್ಸಿಗೆ ಎಂದು ನಾಲ್ಕು ಸಲ ಕೈ ಬದಲಾಯಿಸಿದೆ.

ರಿಪಬ್ಲಿಕ್ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧ ಸ್ಮಾರಕವೊಂದಿದೆ. ತಾಯಿಯೊಬ್ಬಳು, ಅವಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಗಂಡುಮಕ್ಕಳು. ಒಬ್ಬ ಜರ್ಮನಿಗಾಗಿ ಕಾದಿದವನು, ಇನ್ನೊಬ್ಬ ಫ್ರಾನ್ಸಿಗಾಗಿ. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ತೊಡಿಸುವುದಾದರೆ ಯಾವ ದೇಶದ್ದನ್ನು ತೊಡಿಸುವುದು? ಫ್ರಾನ್ಸಿನ ಬೇರೆ ಊರುಗಳ ಸ್ಮಾರಕಗಳ ಮೇಲೆ ದೇಶಕ್ಕಾಗಿ ಮಡಿದವರು ಎಂಬ ಒಕ್ಕಣೆ ಸಾಮಾನ್ಯ. ಇಲ್ಲಿ ಕೆತ್ತಿರುವುದು 'ನಮ್ಮ ಮೃತರಿಗೆ' ಎಂದಷ್ಟೇ.

ನಮ್ಮ ಕೆಳಗಿನ ಮನೆಯಲ್ಲೊಬ್ಬ ಅಜ್ಜಿ ಇದ್ದಾರೆ. ಅವರ ತಂದೆ 1939ರಲ್ಲಿ ಫ್ರೆಂಚ್ ಸೈನಿಕ. 1942ರಲ್ಲಿ ನಾಜಿಗಳು ಇಲ್ಲಿನ ತರುಣರನ್ನು ಬಲವಂತವಾಗಿ ತಮ್ಮ ಸೈನ್ಯಕ್ಕೆ ಎಳೆದರು. ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್ ಪ್ರಾಂತ್ಯಗಳಿಂದ ಹಾಗೆ ಹೋದವರು ಸುಮಾರು 1,30,000 ಮಂದಿ. ಅಜ್ಜಿಯ ತಂದೆಯೂ ಅವರಲ್ಲೊಬ್ಬರು. ಮೂರು ವರ್ಷಗಳ ಅಂತರದಲ್ಲಿ ಎರಡು ಸಮವಸ್ತ್ರ, ಎರಡೂ ಪರಸ್ಪರ ಶತ್ರುಗಳದ್ದು. ಯುದ್ಧದ ನಂತರ ಹುಟ್ಟಿದ ಅಜ್ಜಿಯ ಮನೆಮಾತು ಅಲ್ಸಾಸಿನ ಜರ್ಮನ್ ಉಪಭಾಷೆ. ಶಾಲೆಯಲ್ಲಿ ಅದನ್ನಾಡಿದರೆ ಶಿಕ್ಷೆ. ಈಗ ಅವರ ಮೊಮ್ಮಕ್ಕಳಿಗೆ ಅದರ ನಾಲ್ಕು ಬೈಗುಳ ಬಿಟ್ಟರೆ ಬೇರೇನೂ ಬಾರದು. ಕೇಂದ್ರ ಬಲವಾದರೆ ಸಣ್ಣ ಭಾಷೆಗಳು ಸಾಯುತ್ತವೆ ಎನ್ನುವವರಿಗೆ ನಾನು ಈ ಅಜ್ಜಿಯ ಕಥೆ ಹೇಳುತ್ತೇನೆ. ಅವರ ಭಾಷೆಯ ಕತ್ತು ಹಿಸುಕಿದ್ದು ಬ್ರಸೆಲ್ಸ್ ಅಲ್ಲ, ಪ್ಯಾರಿಸ್.

ಇನ್ನು ಮಾವನ ಪ್ರಶ್ನೆಗೆ ಬರುತ್ತೇನೆ. ದೆಹಲಿಯೂ ಬ್ರಸೆಲ್ಸೂ ಒಂದೇ ತೂಕದವು ಎಂದು ಅವರು ಅಂದುಕೊಂಡಿದ್ದಾರೆ. ಭಾರತದ ಕೇಂದ್ರ ಸರ್ಕಾರದ ವಾರ್ಷಿಕ ಖರ್ಚು ದೇಶದ ಜಿಡಿಪಿಯ ಶೇಕಡ 15ರ ಆಸುಪಾಸಿನಲ್ಲಿದೆ. ಐರೋಪ್ಯ ಒಕ್ಕೂಟದ ಬಜೆಟ್ ಅಲ್ಲಿನ ಒಟ್ಟು ವರಮಾನದ ಶೇಕಡ 1ರ ಆಸುಪಾಸಿನಲ್ಲಿದೆ. ದೆಹಲಿ ಬಯಸಿದರೆ ಸೆಸ್ಸು, ಸರ್‌ಚಾರ್ಜು ಹಾಕಿ ಅದರಲ್ಲಿ ರಾಜ್ಯಗಳಿಗೆ ಚಿಕ್ಕಾಸೂ ಹಂಚದೆ ಇಟ್ಟುಕೊಳ್ಳಬಹುದು. ಬ್ರಸೆಲ್ಸ್ ಹೊಸ ವರಮಾನದ ಮೂಲವೊಂದನ್ನು ಕಂಡುಕೊಳ್ಳಬೇಕಾದರೆ ಎಲ್ಲ 27 ದೇಶಗಳೂ ಹೂಂ ಎನ್ನಬೇಕು. ಸಂವಿಧಾನದ 3ನೇ ವಿಧಿಯಂತೆ ನಮ್ಮ ಸಂಸತ್ತು ಒಂದು ರಾಜ್ಯದ ಗಡಿಯನ್ನೇ ತಿದ್ದಬಹುದು, ಆ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಬ್ರಸೆಲ್ಸ್ ಲಕ್ಸೆಂಬರ್ಗ್‌ನ ಒಂದು ಗದ್ದೆಯ ಬದುವನ್ನೂ ಅಲ್ಲಾಡಿಸಲಾರದು. ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಕೇಂದ್ರದ ಕೈಯಲ್ಲಿ ಮೂರರಲ್ಲೊಂದು ಪಾಲಿದೆ. ಅಂದರೆ ಒಬ್ಬರೇ ತೀರ್ಮಾನವನ್ನು ತಡೆಯುವ ಅಧಿಕಾರ, ಅಂದರೆ ವೀಟೋ, ಇರುವುದು ಕೇಂದ್ರಕ್ಕೊಂದಕ್ಕೇ. ಯುರೋಪಿನಲ್ಲಿ ವಿದೇಶಾಂಗ ನೀತಿ, ತೆರಿಗೆ, ಹೊಸ ಸದಸ್ಯರ ಸೇರ್ಪಡೆಯಂಥ ವಿಷಯಗಳಲ್ಲಿ ಪ್ರತಿಯೊಂದು ದೇಶದ ಕೈಯಲ್ಲೂ ವೀಟೋ. ಒಂದು ಕಡೆ ತಕ್ಕಡಿಯ ಮೇಲಿನ ತಟ್ಟೆ ತುಂಬಿ ಚೆಲ್ಲುತ್ತಿದೆ, ಇನ್ನೊಂದು ಕಡೆ ತಟ್ಟೆಯೇ ಖಾಲಿ. ನಾನು ಎರಡೂ ಕಡೆ ಕೇಳುತ್ತಿರುವುದು ಸರಿತೂಕವನ್ನೇ.

ಈ ವೀಟೋ ಎಂಥ ಪೀಡೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2023ರ ಡಿಸೆಂಬರಿನಲ್ಲಿ ಯುಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡುವ ತೀರ್ಮಾನ ಆಗಬೇಕಿತ್ತು. ಹಂಗೆರಿಯ ಪ್ರಧಾನಿಯಾಗಿದ್ದ ವಿಕ್ಟೋರ್ ಓರ್ಬಾನ್ ಸುತರಾಂ ಒಪ್ಪಲಿಲ್ಲ. ಕೊನೆಗೆ ಅವರು ಕೊಠಡಿಯಿಂದ ಹೊರಗೆ ಹೋದ ಸಮಯದಲ್ಲಿ ಉಳಿದ 26 ಮಂದಿ ಒಪ್ಪಿ ಮುಗಿಸಿದರು. ಪಂಚಾಯಿತಿ ಸಭೆಯಲ್ಲೂ ಹೀಗಾದರೆ ನಾವು ನಗುತ್ತೇವೆ. ಅದೇ ಸಭೆಯಲ್ಲಿ ಅವರು ಯುಕ್ರೇನ್‌ಗೆ ಕೊಡಬೇಕಿದ್ದ 5,000 ಕೋಟಿ ಯುರೋ ನೆರವನ್ನು ತಡೆದರು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರುವರಿ 1ರಂದು. ಒಂದು ಕೋಟಿಯೂ ತುಂಬದ ದೇಶದ ನಾಯಕರೊಬ್ಬರು 45 ಕೋಟಿ ಜನರ ಒಕ್ಕೂಟವನ್ನು ಬಾಗಿಲಲ್ಲಿ ನಿಲ್ಲಿಸಿದ್ದರು.

ಯುರೋಪ್ ಈ ಪಾಠವನ್ನು ಒಮ್ಮೆ ಕಲಿತು ಮರೆತಿದೆ. ಪೋಲೆಂಡಿನ ಹಳೆಯ ಸಂಸತ್ತಿನಲ್ಲಿ ಒಬ್ಬನೇ ಸದಸ್ಯ ಎದ್ದು ಒಪ್ಪಿಗೆಯಿಲ್ಲ ಎಂದರೆ ಇಡೀ ಅಧಿವೇಶನ ಬರಖಾಸ್ತಾಗುತ್ತಿತ್ತು. 1652ರಲ್ಲಿ ಮೊದಲಾದ ಚಾಳಿ ಅದು. ನೆರೆಯ ರಾಜರಿಗೆ ಯುದ್ಧವೇ ಬೇಕಿರಲಿಲ್ಲ, ಒಬ್ಬ ಸದಸ್ಯನ ಕೈ ಬಿಸಿ ಮಾಡಿದರೆ ಸಾಕಿತ್ತು. 1791ರ ಸಂವಿಧಾನ ಅದನ್ನು ಕಿತ್ತುಹಾಕುವ ಹೊತ್ತಿಗೆ ಕಾಲ ಮಿಂಚಿತ್ತು. 1795ರಲ್ಲಿ ಪೋಲೆಂಡ್ ಭೂಪಟದಿಂದಲೇ ಅಳಿಸಿಹೋಯಿತು.

ಕೇಂದ್ರ ಖಾಲಿಯಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದು 2020ರ ಮಾರ್ಚಿನಲ್ಲಿ. ಕೊರೊನಾ ಬಂದಾಗ ಒಂದೊಂದು ರಾಜಧಾನಿಯೂ ತನಗೆ ತೋಚಿದಂತೆ ಗಡಿ ಮುಚ್ಚಿತು. ದಿನಾ ದಾಟುತ್ತಿದ್ದ ರೈನ್ ಸೇತುವೆಯ ಮೇಲೆ ಪೊಲೀಸರು, ತಡೆಗಂಬಗಳು. ಅದೇ ವಾರಗಳಲ್ಲಿ ಸ್ಟ್ರಾಸ್‌ಬರ್ಗ್ ಸುತ್ತಲ ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲದೆ, ಪಕ್ಕದ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಇಲ್ಲಿನ ರೋಗಿಗಳನ್ನು ತನ್ನ ಆಸ್ಪತ್ರೆಗಳಿಗೆ ಕರೆಸಿಕೊಂಡಿತು. ಸೇತುವೆಯ ಮೇಲೆ ಆರೋಗ್ಯವಂತರಿಗೆ ತಡೆ, ಅದೇ ಹೊತ್ತಿಗೆ ಪ್ರಾಣಾಪಾಯದಲ್ಲಿದ್ದವರು ಆಚೆಯ ದಡಕ್ಕೆ. ನೆರೆಹೊರೆಯವರ ಬುದ್ಧಿ ನೆಟ್ಟಗಿತ್ತು, ರಾಜಧಾನಿಗಳದ್ದು ಕೆಟ್ಟಿತ್ತು. ಜುಲೈ ಹೊತ್ತಿಗೆ ಅವರಿಗೂ ವಿವೇಕ ಮರಳಿ, ಎಲ್ಲರೂ ಸೇರಿ 75,000 ಕೋಟಿ ಯುರೋ ಸಾಲ ಎತ್ತಲು ಒಪ್ಪಿದರು. ಇಟಲಿಯ ಸಂಕಟ ನೆದರ್ಲೆಂಡಿನದೂ ಹೌದು ಎಂದು ದುಡ್ಡಿನ ಲೆಕ್ಕದಲ್ಲಿ ಒಪ್ಪಿಕೊಂಡದ್ದು ಅಂದು. ಆದರೆ ಇದು ಒಂದೇ ಸಲಕ್ಕೆ ಎಂದು ಷರಾ ಬರೆಯುವುದನ್ನು ಮರೆಯಲಿಲ್ಲ.

ಗ್ರೀಸ್‌ನ ಗೆಳತಿಯೊಬ್ಬಳು ಈ ವಾದವನ್ನೆಲ್ಲ ಕೇಳಿ ಮೂಗು ಮುರಿಯುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದು. 2015ರ ಬೇಸಿಗೆಯಲ್ಲಿ, ಸಾಲದ ಸುಳಿಗೆ ಸಿಕ್ಕ ಅವಳ ದೇಶದಲ್ಲಿ ಬ್ಯಾಂಕುಗಳು ಮುಚ್ಚಿ, ಎಟಿಎಂನಲ್ಲಿ ದಿನಕ್ಕೆ 60 ಯುರೋ ಮಾತ್ರ ಸಿಗುತ್ತಿತ್ತು. ಜುಲೈ 5ರಂದು ಶೇಕಡ 61ರಷ್ಟು ಜನ ಸಾಲ ಕೊಟ್ಟವರ ಷರತ್ತು ಬೇಡವೆಂದು ಮತ ಹಾಕಿದರು. ವಾರ ಕಳೆಯುವಷ್ಟರಲ್ಲಿ ಅವರ ಸರ್ಕಾರ ಷರತ್ತಿಗೆ ತಲೆ ಬಾಗಿತು. ಇದೇ ನಿನ್ನ ಒಕ್ಕೂಟ ಎನ್ನುತ್ತಾಳೆ. ಅಲ್ಲ, ಇದು ಒಕ್ಕೂಟವಿಲ್ಲದ್ದರ ಫಲ ಎನ್ನುತ್ತೇನೆ ನಾನು. ನಾಣ್ಯ ಒಂದೇ, ಬೊಕ್ಕಸ ಆಗ ಹತ್ತೊಂಬತ್ತು. ತೀರ್ಮಾನ ಮಾಡಿದ್ದು ಹಣಕಾಸು ಮಂತ್ರಿಗಳ ಒಂದು ಕೂಟ, ಅದನ್ನು ಒಟ್ಟಾಗಿ ಕಿತ್ತೊಗೆಯುವ ಮತದಾರ ಎಲ್ಲೂ ಇಲ್ಲ. ಕೇರಳದ ಬೊಕ್ಕಸ ಬರಿದಾದರೆ ಕೇರಳದವರ ಕೈಯಲ್ಲಿ ರೂಪಾಯಿ ಉಳಿಯುತ್ತದೆಯೇ ಎಂದು ನಾವು ಯಾರಾದರೂ ಕೇಳಿದ್ದೇವೆಯೇ? ಗೆಳತಿ ಇನ್ನೂ ಒಪ್ಪಿಲ್ಲ.

ಒಂದೇ ಭಾಷೆಯಿಲ್ಲದ ಜನ ಒಂದೇ ಪ್ರಜಾಪ್ರಭುತ್ವವಾಗುವುದು ಹೇಗೆ ಎನ್ನುವುದು ಇಲ್ಲಿನ ಪಂಡಿತರ ನೆಚ್ಚಿನ ಆಕ್ಷೇಪ. ಭಾರತದಿಂದ ಬಂದವರಿಗೆ ಇದನ್ನು ಕೇಳಿದರೆ ನಗು ಬರುತ್ತದೆ. ಬೆಳಗಾವಿಯ ಸಂತೆಯಲ್ಲಿ ಬದನೆಕಾಯಿ ಕೊಳ್ಳುವುದಕ್ಕೇ ಎರಡು ಭಾಷೆ ಬೇಕು.

ಭಾಷೆಯ ವಿಷಯದಲ್ಲಂತೂ ಯುರೋಪಿನಿಂದ ನಾವೇ ಕಲಿಯುವುದು ಬಹಳ ಇದೆ. 1958ರಲ್ಲಿ ಹೊರಬಂದ ಅವರ ಮೊಟ್ಟಮೊದಲ ನಿಯಮವೇ ಭಾಷೆಯದ್ದು. ಪ್ರಜೆ ಯಾವ ಅಧಿಕೃತ ಭಾಷೆಯಲ್ಲಿ ಪತ್ರ ಬರೆದರೂ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು ಎನ್ನುತ್ತದೆ ಅದು. ಈಗ ಅಂಥ 24 ಭಾಷೆಗಳಿವೆ. ಮಾಲ್ಟಾ ದೇಶದ ಜನಸಂಖ್ಯೆ ಐದೂವರೆ ಲಕ್ಷದಷ್ಟು, ಅವರ ಮಾಲ್ಟೀಸ್ ಕೂಡ ಅದರಲ್ಲೊಂದು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4.37 ಕೋಟಿ. ನಮ್ಮ ಸಂವಿಧಾನದ 350ನೇ ವಿಧಿಯೂ ಕನ್ನಡದಲ್ಲಿ ದೆಹಲಿಗೆ ಅಹವಾಲು ಬರೆಯಲು ಅವಕಾಶ ಕೊಟ್ಟಿದೆ. ಕನ್ನಡದಲ್ಲೇ ಉತ್ತರ ಬರಬೇಕು ಎಂದು ಮಾತ್ರ ಹೇಳಿಲ್ಲ. (ಯುರೋಪನ್ನು ತೀರಾ ಹೊಗಳುವುದೂ ಬೇಡ. ಅಲ್ಸಾಸಿನ ಅಜ್ಜಿಯ ಭಾಷೆಗೂ, ಸ್ಪೇನಿನಲ್ಲಿ ಲಕ್ಷಾಂತರ ಜನರಾಡುವ ಕ್ಯಾಟಲಾನ್‌ಗೂ ಆ 24ರಲ್ಲಿ ಜಾಗವಿಲ್ಲ. ಅಧಿಕೃತ ಭಾಷೆ ಯಾವುದೆಂದು ಹೆಸರಿಸುವುದು ದೇಶಗಳ ಕೈಯಲ್ಲೇ ಇದೆ.)

ಸೀಟುಗಳ ಹಂಚಿಕೆಯೂ ಹಾಗೆಯೇ. ಕ್ಷೇತ್ರ ಮರುವಿಂಗಡಣೆಯಾದರೆ ದಕ್ಷಿಣದ ಗತಿಯೇನು ಎಂದು ಮಾವನಿಗೂ ಚಿಂತೆಯಿದೆ. ಐರೋಪ್ಯ ಸಂಸತ್ತಿನಲ್ಲಿ ಯಾವ ದೇಶಕ್ಕೂ 6ಕ್ಕಿಂತ ಕಡಿಮೆ ಸ್ಥಾನವಿಲ್ಲ, 96ಕ್ಕಿಂತ ಹೆಚ್ಚೂ ಇಲ್ಲ. ಎಂಟು ಕೋಟಿ ದಾಟಿದ ಜರ್ಮನಿಗೆ 96, ಪುಟ್ಟ ಮಾಲ್ಟಾಕ್ಕೆ 6. ದೊಡ್ಡವರಿಗೆ ಸ್ಥಾನ ಹೆಚ್ಚು, ಚಿಕ್ಕವರಿಗೆ ತಲಾ ತೂಕ ಹೆಚ್ಚು. ಅಂಥ ಸಂಸತ್ತಿಗೆ ಇನ್ನೂ ಸ್ವಂತವಾಗಿ ಮಸೂದೆ ಮಂಡಿಸುವ ಹಕ್ಕಿಲ್ಲ, ಅದು ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗದ ಕೈಯಲ್ಲಿದೆ. 2024ರ ಜೂನ್‌ನಲ್ಲಿ ನಾನು ಮೊದಲ ಸಲ ಮತ ಹಾಕಿದ್ದು ಈ ಅರ್ಧ ಹಲ್ಲಿನ ಸಂಸತ್ತಿಗೆ. ಪೂರ್ತಿ ಹಲ್ಲು ಬರಲಿ ಎನ್ನುತ್ತೇನೆ. ವಿದೇಶಾಂಗಕ್ಕೂ ತೆರಿಗೆಗೂ ಬಹುಮತ ಸಾಕಾಗಲಿ, ಸೈನ್ಯಕ್ಕೆ ಹನ್ನೆರಡು ಬಗೆಯ ಟ್ಯಾಂಕುಗಳನ್ನು ಕೊಳ್ಳುವ ದುಂದು ನಿಲ್ಲಲಿ. ಶಾಲೆ, ಭಾಷೆ, ಊರಿನ ಆಡಳಿತಗಳಿಗೆ ಮೇಲಿನವರು ಕೈಹಾಕಕೂಡದು ಎಂದೂ ಅದೇ ಕಾಗದದಲ್ಲಿ ಬರೆದಿಡಲಿ.

ಇದರ ಹಿಂದೆ ನನ್ನ ಸ್ವಾರ್ಥವೂ ಇದೆ. ನನ್ನ ಕೆಲಸ ಆ ದಡದಲ್ಲಿ, ಮನೆಯವರ ಕೆಲಸ ಈ ದಡದಲ್ಲಿ. ಮಗು ಹುಟ್ಟಿದಾಗ ಮಕ್ಕಳ ಭತ್ಯೆಗೆ ಅರ್ಜಿ ಹಾಕಿದೆವು. ಈ ದಡದ ಕಚೇರಿ ಆ ದಡದವರು ಕೊಡುತ್ತಿಲ್ಲವೆಂದು ಬರೆಸಿ ತನ್ನಿ ಎಂದಿತು. ಆ ದಡದ ಕಚೇರಿಯೂ ಅದನ್ನೇ ಕೇಳಿತು. ಹನ್ನೊಂದು ತಿಂಗಳು ಎರಡೂ ಒಂದರ ಪತ್ರಕ್ಕಾಗಿ ಇನ್ನೊಂದು ಕಾದವು. ಅಷ್ಟರಲ್ಲಿ ಮಗು ನಡೆಯಲು ಕಲಿತಿತ್ತು.

2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಆ ಚಳಿಗಾಲದ ಒಂದು ಶನಿವಾರ ಕೆಳಮನೆಯ ಅಜ್ಜಿಯೂ ನಾನೂ ಟ್ರಾಮಿನಲ್ಲಿ ಕೇಲ್‌ಗೆ ಹೊರಟಿದ್ದೆವು. ಸೋಪು, ಶಾಂಪೂ ಅಲ್ಲಿ ಅಗ್ಗ. ಸೇತುವೆ ದಾಟಿದ ಮೇಲಿನ ನಿಲ್ದಾಣದಲ್ಲಿ ಇಬ್ಬರು ಪೊಲೀಸರು ಹತ್ತಿದರು. ಬೋಗಿ ತುಂಬ ಜನರಿದ್ದರೂ ನೇರವಾಗಿ ನನ್ನ ಬಳಿ ಬಂದು ಗುರುತಿನ ಚೀಟಿ ಕೇಳಿದರು. ತೆಗೆದುಕೊಟ್ಟೆ. ಪಕ್ಕದಲ್ಲಿ ಅಜ್ಜಿಯೂ ಕೈಚೀಲ ತಡಕಿ ತಮ್ಮ ಚೀಟಿಯನ್ನು ಹೊರತೆಗೆದು ಮುಂದೆ ಚಾಚಿದರು. ನಿಮ್ಮದು ಬೇಡ ಅಮ್ಮ ಎಂದ ಕಿರಿಯ ಪೊಲೀಸ್. ಅಜ್ಜಿ ತಮ್ಮ ಅಲ್ಸಾಸಿನ ಭಾಷೆಯಲ್ಲಿ, ನೋಡು ಪರವಾಗಿಲ್ಲ ಎಂದರು. ಅವನಿಗೆ ಅದು ಅರ್ಥವಾಯಿತು. ಚೀಟಿಯನ್ನು ಈಸಿಕೊಂಡು, ಎರಡೂ ಬದಿ ತಿರುಗಿಸಿ ನೋಡಿ, ಮುಂದಿನ ನಿಲ್ದಾಣದಲ್ಲಿ ಇಳಿದುಹೋದ.