ಯಿನ್–ಯಾಂಗ್ ಲೆಕ್ಕ: 49 ಕಡ್ಡಿ, ಮೂರು ಸುತ್ತು

ಅರ್ಧ ಕಪ್ಪು, ಅರ್ಧ ಬಿಳಿ, ಎರಡೂ ಸಮ. ಚೀನಾದವರು ಹೇಳುವ ಎದುರುಬದುರಾದ ಎರಡು ಶಕ್ತಿಗಳು ಯಿನ್ ಮತ್ತು ಯಾಂಗ್; ಟೀಶರ್ಟ್ ಮೇಲಿನ ಅವುಗಳ ಚಿತ್ರ ಹೇಳುವುದು ಇಷ್ಟೇ. ಚೀನಾದ ಹಳೆಯ ಶಕುನಗ್ರಂಥ ಯೀ ಜಿಂಗ್‌ನಲ್ಲಿ ಕಡ್ಡಿ ಎಣಿಸಿ ಗೆರೆ ತೆಗೆಯುವ ಕ್ರಮವೊಂದಿದೆ. ಅದನ್ನು ಕೈಯಾರೆ ಮಾಡಿ ನೋಡಿದರೆ ಆ 'ಸಮ'ದ ಒಳಗುಟ್ಟು ತಿಳಿಯುತ್ತದೆ. ಅದರಿಂದ ಭವಿಷ್ಯ ಗೊತ್ತಾಗುತ್ತದೋ ಇಲ್ಲವೋ ಎಂಬ ಜಗಳ ಇಲ್ಲಿ ಬೇಡ.

ಬೇಕಾದದ್ದು ಒಂದೇ ಅಳತೆಯ 50 ಕಡ್ಡಿ. ಚೀನಾದವರು ಬಳಸುವ ಗಿಡಕ್ಕೆ ಇಂಗ್ಲಿಷಿನಲ್ಲಿ ಯಾರೋ ಎಂದು ಹೆಸರು (ಯಾರೋ ಅಂದರೆ ಯಾರೋ ಅಲ್ಲ, ಗಿಡವೇ). ನಮಗೆ ತೆಂಗಿನಗರಿ ಪೊರಕೆಯ ಕಡ್ಡಿ ಸಾಕು. ಒಂದನ್ನು ಪಕ್ಕಕ್ಕಿಡಿ, ಅದನ್ನು ಮತ್ತೆ ಮುಟ್ಟುವಂತಿಲ್ಲ. ಉಳಿದ 49ನ್ನು ಎಣಿಸದೆ ಎರಡು ಗುಂಪು ಮಾಡಿ. ಬಲಗುಂಪಿನಿಂದ ಒಂದು ಕಡ್ಡಿ ತೆಗೆದು ಎಡಗೈಯ ಕಿರುಬೆರಳ ಸಂದಿಗೆ ಸಿಕ್ಕಿಸಿ. ಎಡಗುಂಪನ್ನು ನಾಲ್ಕು ನಾಲ್ಕಾಗಿ ತೆಗೆಯುತ್ತಾ ಬನ್ನಿ. ಕೊನೆಗೆ ಉಳಿದದ್ದೂ ಬೆರಳ ಸಂದಿಗೆ. ಬಲಗುಂಪಿಗೂ ಹಾಗೆಯೇ. ಸರಿಯಾಗಿ ಭಾಗವಾದರೆ ಶೇಷ ಸೊನ್ನೆಯಲ್ಲ, ನಾಲ್ಕು. ಹೊಸಬರು ಮೊದಲು ಎಡವುವುದು ಇಲ್ಲೇ.

ಬೆರಳ ಸಂದಿಯಲ್ಲಿರುವುದು ಈಗ 5 ಅಥವಾ 9. ಅದನ್ನು ಬದಿಗಿಟ್ಟು, ಉಳಿದ 44 ಅಥವಾ 40 ಕಡ್ಡಿಗಳಿಂದ ಇನ್ನೆರಡು ಸುತ್ತು ಮಾಡಿ. ಈ ಎರಡರಲ್ಲೂ ಬದಿಗೆ ಬೀಳುವುದು 4 ಅಥವಾ 8. ಮೂರು ಸುತ್ತು ಮುಗಿದಾಗ 36, 32, 28, 24, ಈ ನಾಲ್ಕರಲ್ಲೊಂದು ಉಳಿಯಬೇಕು. ಬೇರೆ ಸಂಖ್ಯೆ ಬಂದರೆ ಎಣಿಕೆ ತಪ್ಪಿದೆ. ನಾಲ್ಕರಿಂದ ಭಾಗಿಸಿದರೆ ಗೆರೆಯ ಅಂಕೆ ಸಿಗುತ್ತದೆ. ಯಾಂಗ್ ಎಂದರೆ ಇಡೀ ಗೆರೆ, ಯಿನ್ ಎಂದರೆ ನಡುವೆ ತುಂಡಾದ ಗೆರೆ. 7 ಎಂದರೆ ನಿಂತ (ಬದಲಾಗದ) ಯಾಂಗ್, 8 ನಿಂತ ಯಿನ್. 9 ಮಾಗಿದ ಯಾಂಗ್, ಅದು ಯಿನ್ ಆಗಿ ತಿರುಗುತ್ತದೆ. 6 ಮಾಗಿದ ಯಿನ್, ಯಾಂಗ್ ಆಗುತ್ತದೆ. ಹೀಗೆ ಆರು ಗೆರೆ, ಒಟ್ಟು 18 ಸುತ್ತು. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ತಲೆಕೆಳಗಾದರೆ, ಗ್ರಂಥದಲ್ಲಿರುವ ಆರು ಗೆರೆಯ 64 ಆಕೃತಿಗಳಲ್ಲಿ 11ನೆಯದಾದ 'ಶಾಂತಿ' ಹೋಗಿ 12ನೆಯದಾದ 'ಸ್ತಂಭನ' ಆಗಿಬಿಡುತ್ತದೆ.

ಕಣ್ಣಿಗೇ ಬೀಳದ ತಪ್ಪು ಇನ್ನೊಂದಿದೆ. ಎರಡನೆಯ, ಮೂರನೆಯ ಸುತ್ತಿನಲ್ಲಿ ಬಲಗುಂಪಿನಿಂದ ಒಂದು ಕಡ್ಡಿ ತೆಗೆಯುವುದನ್ನು ಮರೆತರೂ ಬದಿಗೆ ಬೀಳುವುದು 4 ಅಥವಾ 8ರಲ್ಲೇ ನಿಲ್ಲುತ್ತದೆ, ಕೊನೆಯ ತಾಳೆಯೂ ಸರಿಹೋಗುತ್ತದೆ. ಆದರೆ 4 ಮತ್ತು 8 ಸಮಸಮ ಬರಬೇಕಾದಲ್ಲಿ 4 ಮೂರು ಪಾಲು, 8 ಒಂದು ಪಾಲು ಬರುತ್ತದೆ. 16ರಲ್ಲಿ ಒಮ್ಮೆ ಬರಬೇಕಿದ್ದ 6, 64ರಲ್ಲಿ ಒಮ್ಮೆ ಬರುತ್ತದೆ. ಒಂದೇ ಕಡ್ಡಿಯ ಕರಾಮತ್ತು!

ಕ್ರಮ ತಪ್ಪದೆ ಮಾಡಿದರೆ 16 ಗೆರೆಗೆ ಸರಾಸರಿ ಹೀಗೆ: 6 ಒಂದು, 7 ಐದು, 8 ಏಳು, 9 ಮೂರು. ಕೂಡಿ ನೋಡಿ, ಯಾಂಗ್ ಎಂಟು, ಯಿನ್ ಎಂಟು. ಪಾಲು ಸಮ. ಆದರೆ ಎಂಟು ಯಾಂಗ್‌ನಲ್ಲಿ ಮೂರು ಮಗುಚುತ್ತವೆ, ಎಂಟು ಯಿನ್‌ನಲ್ಲಿ ಒಂದೇ ಒಂದು. ಎದುರುಬದುರಾದ ಎರಡು ಶಕ್ತಿಗಳ ತೂಕ ಒಂದೇ ಆದರೂ ಅವುಗಳ ನಿಲುಗಡೆ ಒಂದೇ ಅಲ್ಲ. ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವ ಇರುವುದೇ ಇಲ್ಲಿ.

ಎರಡು ಎಂದ ಕೂಡಲೇ ಮಧ್ವರ ದ್ವೈತವನ್ನು ಇಲ್ಲಿಗೆ ಎಳೆತರುವವರಿದ್ದಾರೆ. ಅದು ಹೊಂದುವುದಿಲ್ಲ. ಅಲ್ಲಿ ಪಂಚಭೇದ (ಈಶ್ವರ, ಜೀವ, ಜಡಗಳ ನಡುವಿನ ಐದು ಭೇದ) ಸತ್ಯ, ನಿತ್ಯ. ಜೀವ ಎಂದೂ ಈಶ್ವರನಾಗದು. ಇಲ್ಲಿ 9 ಬಿದ್ದ ಯಾಂಗ್ ಯಿನ್ ಆಗಿಯೇ ತೀರುತ್ತದೆ.

ಕಡ್ಡಿಯ ಬದಲು ಬಹಳ ಜನ ಬಳಸುವ, ಮೂರು ನಾಣ್ಯ ಚಿಮ್ಮಿ ಗೆರೆ ತೆಗೆಯುವ ದಾರಿಯಲ್ಲಿ ಈ ಓರೆ ಕಳೆದುಹೋಗುತ್ತದೆ: 16ಕ್ಕೆ 6 ಎರಡು, 9 ಎರಡು, 7 ಮತ್ತು 8 ಆರಾರು. ಕಡ್ಡಿ ಎಣಿಸಲು ಪುರುಸೊತ್ತಿಲ್ಲದವರು ಚೀಲವೊಂದರಲ್ಲಿ 16 ಮಣಿ ಹಾಕಿಟ್ಟುಕೊಳ್ಳಿ: ಒಂದು ಕೆಂಪು, ಮೂರು ಹಳದಿ, ಐದು ಬಿಳಿ, ಏಳು ಕಪ್ಪು. ಕೆಂಪಿಗೆ 6, ಹಳದಿಗೆ 9, ಬಿಳಿಗೆ 7, ಕಪ್ಪಿಗೆ 8. ಪ್ರತಿ ಗೆರೆಗೂ ಒಂದು ಮಣಿ ತೆಗೆದು, ನೋಡಿ, ಮತ್ತೆ ಚೀಲಕ್ಕೇ ಹಾಕಿ ಕಲಕಿ. ಹೊರಗೇ ಬಿಟ್ಟರೆ ಎರಡನೆಯ ಗೆರೆಯಿಂದಲೇ ಲೆಕ್ಕ ವಾಲುತ್ತದೆ.